ಮೆಟ್ಟಿಲ ಕೆಳಗಿನ ಹದಿಮೂರನೇ ಪಾಲು

ಮೈಸೂರಲ್ಲಿ ಹನ್ನೆರಡು ಮನೆಯ ಒಂದು ಅಪಾರ್ಟ್‌ಮೆಂಟು, ಅದರ ಮೆಟ್ಟಿಲ ಕೆಳಗೊಂದು ಗೂಡು, ಆ ಗೂಡಲ್ಲಿ ಮೆಟ್ಟಿಲು ಗುಡಿಸೋ ನಿಂಗಾಜಮ್ಮ, ಅವಳಿಗೊಬ್ಬ ಮಗ ಮಾಯಿಗ! ಆಳು ಆರಡಿ, ಬುದ್ಧಿ ಅರ್ಧ ಅಡಿ! ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ, ಅದೇ ತೊಂದ್ರೆ! ಗೂಡಲ್ಲಿ ಮಟಮಟ ಮಧ್ಯಾಹ್ನಾನೂ ಕತ್ತಲು. ಒಂದೇ ಒಂದು ಬಲ್ಬು ಉರಿದ್ರೆ ಸಾಕಪ್ಪಾ ಅಂತ ಆ ತಾಯಿಗೆ ಆಸೆ.

ಅಷ್ಟೊತ್ಗೆ ತಾರಸಿ ಮೇಲೆ ಸೋಲಾರ್ ಬಂತು ನೋಡಿ, ಹದಿಮೂರು ಪ್ಯಾನೆಲ್ಲು! ಬಂದ ಕರೆಂಟು ಮನೆಮನೆಗೂ ಪಾಲು! ಸೆಕ್ರೆಟರಿ ವೆಂಕೋಬರಾಯರು ಅಂದ್ರು, "ನಿಂಗಾಜಮ್ಮ, ಪಾಲು ಬರ್ಕೊಳ್ಳೋಕೆ ಸಾಹೇಬ್ರು ಬರೋ ತನಕ ನಿನ್ ಮಗ ಪ್ಯಾನೆಲ್ಲು ನೆಟ್ಟಗೆ ನೋಡ್ಕೊಂಡ್ರೆ ನಿನ್ ಗೂಡಿಗೂ ಒಂದು ಪಾಲು. ಎಡವಟ್ಟು ಮಾಡಿದ್ನೋ, ಹನ್ನೆರಡಕ್ಕೇ ಮುಗೀತು!"

"ಮಗಾ, ಪ್ಯಾನೆಲ್ ಮೇಲೆ ಧೂಳು ಕೂರಬಾರ್ದು ಕಣೋ!" ಅಂದ್ಲು ತಾಯಿ.

"ಆಯ್ತವ್ವಾ!" ಅಂದ. ಒಣಗಾಕಿದ್ದ ಬೆಡ್‌ಶೀಟೆಲ್ಲ ಎಳ್ಕೊಂಡು ಹದಿಮೂರಕ್ಕೂ ಹೊದಿಸ್ಬಿಟ್ಟ! ಒಂದು ಚೂರು ಧೂಳಿಲ್ಲ. ಒಂದು ಚೂರು ಕರೆಂಟೂ ಇಲ್ಲ!

"ಅಯ್ಯೋ ಪೆದ್ದೇ! ತಾರಸಿ ಮೇಲಿರೋದು ಬಿಸಿಲು ಕುಡೀಬೇಕು! ಮುಚ್ಚಿದ್ರೆ ತೆಗೀಬೇಕು!"

"ಆಯ್ತವ್ವಾ!"

ಮಾರನೇ ದಿನ ಮೇಲೆ ಹೋದ್ರೆ ಸುಶೀಲಮ್ಮನ ಮಾವಿನಕಾಯಿ ಭರಣಿ, ಬಾಯಿಗೆ ಬಟ್ಟೆ ಕಟ್ಟಿದೆ. ಮುಚ್ಚಿದ್ರೆ ತೆಗೀಬೇಕಲ್ಲ? ತೆಗೆದ! ಪಕ್ಕದ ಸಂಡಿಗೆ ಮೇಲಿನ ಪರದೆ? ಅದನ್ನೂ ತೆಗೆದ! ಊರ ಕಾಗೆಗಳಿಗೆಲ್ಲ ಹಬ್ಬ!

"ಅಯ್ಯೋ ಮುಟ್ಠಾಳ! ಮೇಲೆ ಬಂದೋರ್ನ ಕೋಲು ಹಿಡಿದು ಹುಶ್ ಅಂತ ಓಡಿಸ್ಬೇಕು ಕಣೋ!"

"ಆಯ್ತವ್ವಾ!"

ಆಮೇಲೆ ಮೇಲೆ ಬಂದೋರು ಯಾರು ಗೊತ್ತಾ? ಪಾಲು ಬರ್ಕೊಳ್ಳೋ ಸಾಹೇಬ್ರು! ಕೈಲಿ ಪುಸ್ತಕ, ಕಿವೀಲಿ ಪೆನ್ನು! ಮಾಯಿಗ ಕೋಲೆತ್ತಿ "ಹುಶ್! ಹುಶ್!" ಸಾಹೇಬ್ರು ನಾಲ್ಕು ಮಹಡಿ ಇಳಿದು ಗೇಟು ದಾಟಿದ್ಮೇಲೇ ಉಸಿರು ಬಿಟ್ಟಿದ್ದು!

ನಿಂಗಾಜಮ್ಮ ಹಣೆ ಚಚ್ಕೊಂಡ್ಲು. "ಹೋಯ್ತಲ್ಲೋ ನನ್ ಬಲ್ಬು! ಅವ್ರು ಪಾಲು ಮಾಡೋಕೆ ಬಂದೋರು ಕಣೋ! ಸೋಲಾರ್ ಅಂದ್ರೆ ಒಬ್ಬರಿಗೆ ಹೆಚ್ಚು ಒಬ್ಬರಿಗೆ ಕಮ್ಮಿ ಇಲ್ಲ, ಮನೆಮನೆಗೂ ಸಮ ಹಂಚಬೇಕು! ನಾಳೆ ಮತ್ತೆ ಬರ್ತಾರಂತೆ, ತೆಪ್ಪಗಿರು!"

ತೆಪ್ಪಗಿರ್ತಾನಾ? ಬೆಳಗಾಗೋದ್ರೊಳಗೆ ಪಾನಾ ಹಿಡಿದು ಪ್ಯಾನೆಲ್ಲೆಲ್ಲ ಬಿಚ್ಚಿ, ಹೊತ್ಕೊಂಡು ಬಂದು, ಬಾಗಿಲಿಗೊಂದು ಬಾಗಿಲಿಗೊಂದು ಒರಗಿಸ್ಬಿಟ್ಟ! ಹಾಲಿಗೆ ಅಂತ ಬಾಗಿಲು ತೆಗೆದ ರಾಯರ ಮೂಗಿಗೇ ಪ್ಯಾನೆಲ್ಲು!

"ಲೋ ಮಾಯಿಗಾ!"

ಅಷ್ಟೊತ್ಗೆ ಸಾಹೇಬ್ರು ಬಂದ್ರು. ಬಾಗಿಲಿಂದ ಬಾಗಿಲಿಗೆ ಎಣಿಸ್ತಾ ಇಳಿದ್ರು. ಕೊನೇದು ಎಲ್ಲಿ? ಗೂಡಿನ ಬಾಗಿಲಲ್ಲಿ!

"ಇದ್ಯಾಕೋ ಇಲ್ಲಿ?"

"ಇದೂ ಮನೇನೇ ಅಲ್ವಾ ಸಾಮಿ? ಅವ್ವ ಇದಾಳಲ್ಲ!"

ಸಾಹೇಬ್ರು ಹೊಟ್ಟೆ ಹಿಡ್ಕೊಂಡು ನಕ್ರು. "ರಾಯರೇ, ನಿಮ್ಮ ಪಟ್ಟೀಲಿ ಹನ್ನೆರಡು. ಇವನ ಲೆಕ್ಕವೇ ಸರಿ!" ಅಂತ ಹದಿಮೂರು ಬರೆದೇಬಿಟ್ರು! ರಾಯರು ಮೂಗು ಸವರ್ಕೊಂಡ್ರು.

ಪ್ಯಾನೆಲ್ಲು ಮತ್ತೆ ಮೇಲೇರಿತು. ಗೂಡಲ್ಲಿ ಬಲ್ಬು ಝಗ್ ಅಂತು! ನಿಂಗಾಜಮ್ಮನ ಕಣ್ಣಲ್ಲಿ ನೀರು. "ಜೋಪಾನ ಮಗಾ, ಈ ಬೆಳಕು ಒಂದು ಚೂರೂ ಪೋಲಾಗಬಾರ್ದು!" ಅಂದು ನೀರಿಗೆ ಹೋದ್ಲು.

ಬಿಂದಿಗೆ ಹೊತ್ತು ಬಂದ್ರೆ ಬಾಗಿಲು ಹಾಕಿದೆ, ಸಂದಿಗೆಲ್ಲ ಬಟ್ಟೆ ತುರುಕಿದೆ, ಹೊರಗೆ ಕತ್ತಲಲ್ಲಿ ಮಾಯಿಗ ಕೋಲು ಹಿಡಿದು ಕೂತಿದಾನೆ!

"ತೆಗಿಯೋ ಬಾಗಿಲು!"

"ಹುಶ್ ಅವ್ವಾ! ತೆಗೆದ್ರೆ ಬೆಳಕೆಲ್ಲ ಹೊರಗೆ ಹೋಗ್ಬಿಡುತ್ತೆ!"