ನಾಟಕದ ಬಸ್ಸಿಗೆ ಬ್ಯಾಟರಿ ಕೂಡಿಸಿದ ನೀಲವ್ವ

ಬಹಳ ಹಿಂದೆ, ಎರಿಮಣ್ಣಿನ ಸೀಮೆಯಲ್ಲಿ, ನಾಲ್ಕು ದಾರಿ ಕೂಡುವ ಒಂದು ಊರಿತ್ತು. ಎಷ್ಟು ಹಿಂದೆ ಅಂತ ಕೇಳಬೇಡಿ, ನನಗೂ ಗೊತ್ತಿಲ್ಲ. ನಾಟಕ ಕಂಪನಿಗಳು ಊರೂರಿಗೆ ಬಂದು ತಿಂಗಳುಗಟ್ಟಲೆ ಕ್ಯಾಂಪ್ ಹಾಕುತ್ತಿದ್ದ ಕಾಲ ಅಂತ ಇಟ್ಟುಕೊಳ್ಳಿ. ಆ ದಾರಿ ಕೂಡುವಲ್ಲಿ ಒಂದು ತಗಡಿನ ಅಂಗಡಿ. ಅದರಲ್ಲಿ ಬ್ಯಾಟರಿ ನೀಲವ್ವ ಇದ್ದಳಂತೆ.

ಗಂಡ ಸತ್ತ ಮೇಲೆ ಅವನ ಅಂಗಡಿಯ ಬೀಗ ತೆಗೆದವಳು ಅವಳು. ಮೊದಲು ಜನ ನಕ್ಕರಂತೆ. ಆಮೇಲೆ ನಕ್ಕವರೇ ಸಾಲಾಗಿ ನಿಂತರಂತೆ. ಆಸಿಡ್ ಸಿಡಿದು ಅವಳ ಸೀರೆಯ ತುಂಬ ತೂತು. ಹೊಸ ಸೀರೆ ಕೊಡಿಸಿದರೂ ವಾರದೊಳಗೆ ಜರಡಿ ಮಾಡುತ್ತಿದ್ದಳಂತೆ. ಬ್ಯಾಟರಿಗೆ ಕಿವಿ ಹಚ್ಚಿ, ಒಳಗೆ ಯಾವ ಸೆಲ್ಲು ಸತ್ತಿದೆ ಅಂತ ಹೇಳುತ್ತಿದ್ದಳಂತೆ. ಅವಳು ಗದರಿದರೆ ಕೆಟ್ಟು ನಿಂತ ಲಾರಿಯೂ ಸ್ಟಾರ್ಟ್ ಆಗುತ್ತಿತ್ತು ಅನ್ನುತ್ತಾರೆ. ಅದನ್ನು ನಾನು ಅರ್ಧ ನಂಬುತ್ತೇನೆ. ಅವಳ ಬಾಯಿ ಹಾಗಿತ್ತಂತೆ.

ಒಂದು ದಿನ ಅವಳ ಅಂಗಡಿಯ ಮುಂದೆ ಅಂಬುಜಾಬಾಯಿಯ ಕಂಪನಿ ಬಸ್ಸು ಬಂದು ನಿಂತಿತು. ಬಸ್ಸು ಅಂದರೆ ಮನೆಯೇ. ಹಾಸಿಗೆ, ಒಲೆ, ತೊಟ್ಟಿಲು, ಬಣ್ಣದ ಪೆಟ್ಟಿಗೆ, ಎಲ್ಲ ಅದರೊಳಗೆ. ಕಂಪನಿ ಕಟ್ಟಿದ ಅಪ್ಪ ತೀರಿಕೊಂಡ ಮೇಲೆ ಅಂಬುಜಾಬಾಯಿಯೇ ಒಡತಿ, ಅವಳೇ ನಾಯಕಿ. ಅಪ್ಪನ ಕಾಲದಿಂದಲೂ ಕಂಪನಿಯಲ್ಲಿದ್ದು ಅವಳಿಗೆ ಮೊದಲ ಹಾಡು ಕಲಿಸಿದ ಹಾರ್ಮೋನಿಯಂ ಮಾಸ್ತರ ಗುರುಸಿದ್ಧಪ್ಪನವರಿಗೆ ಆಗ ಎದೆ ಸೋತಿತ್ತು. ಮಲಗಿದರೆ ಸಾಕು, ಉಸಿರು ಸಿಕ್ಕಿಹಾಕಿಕೊಳ್ಳುತ್ತಿತ್ತು. ಡಾಕ್ಟರು ಗಾಳಿ ಕೊಡುವ ಒಂದು ಯಂತ್ರ ಬರೆದುಕೊಟ್ಟು, ಇವರನ್ನು ಕರೆಂಟು ಹೋಗದ ಮನೆಯಲ್ಲಿ ಇಡಿ ಅಂದರಂತೆ. ಮಾಸ್ತರಿಗೆ ಮನೆ ಎಲ್ಲಿದೆ? ನಾಟಕದವರು ರಾತ್ರಿಯೆಲ್ಲ ಕುಣಿದು ಹಗಲು ಮಲಗುವವರು. ಹಳ್ಳಿಗಳಲ್ಲಿ ಹಗಲು ಕರೆಂಟೇ ಇಲ್ಲ. ಬಸ್ಸಿನ ಹಳೆಯ ಇನ್ವರ್ಟರಿಗೆ ಆ ಯಂತ್ರ ಹಚ್ಚಿದರೆ ಎರಡೂ ನರಳುತ್ತಿದ್ದವಂತೆ. ಅವರನ್ನು ಯಾವುದಾದರೂ ಮಠದಲ್ಲಿ ಬಿಟ್ಟು ಹೋಗೋಣ ಅಂತ ಕಂಪನಿಯವರು ಹೇಳತೊಡಗಿದ್ದರು. ಮಾಸ್ತರೂ ತಮ್ಮ ಬಟ್ಟೆಯ ಗಂಟು ಕಟ್ಟಿಟ್ಟುಕೊಂಡಿದ್ದರು. ಆ ಗಂಟು ಕಂಡಾಗಲೆಲ್ಲ ಅಂಬುಜಾಬಾಯಿ ಅದನ್ನು ಬಿಚ್ಚಿ ಬಟ್ಟೆಯನ್ನು ಮತ್ತೆ ಗೂಟಕ್ಕೆ ಹಾಕುತ್ತಿದ್ದಳು.

ನೀಲವ್ವ ಮೂರು ದಿನ ಬಸ್ಸಿನ ಕೆಳಗೇ ಇದ್ದಳಂತೆ. ಫ್ಯಾಕ್ಟರಿಯಲ್ಲಿ ಒಂದೇ ದಿನ ಹುಟ್ಟಿದ ನಾಲ್ಕು ದೊಡ್ಡ ಬ್ಯಾಟರಿ ತಂದಳು. ಕಬ್ಬಿಣದ ಗೂಡು ಮಾಡಿಸಿ, ಗಾಳಿಯಾಡಲು ಕಿಂಡಿ ಬಿಡಿಸಿ, ಹೆಬ್ಬೆರಳು ಗಾತ್ರದ ತಾಮ್ರದ ವೈರು ಎಳೆದಳು. ಇನ್ವರ್ಟರನ್ನೂ ದೊಡ್ಡದಕ್ಕೆ ಬದಲಿಸಿದಳು. ಬಸ್ಸು ಓಡಿದರೆ ಇಂಜಿನ್ನಿನಿಂದಲೇ ಬ್ಯಾಟರಿ ತುಂಬುವ ಹಾಗೆ ಮಾಡಿದಳು. ಯಂತ್ರ ಹಚ್ಚಿದರೆ ನರಳಲಿಲ್ಲ. ಮಾಸ್ತರು ಕಾಲು ಚಾಚಿ ಮಲಗಿದರು. ಅಂಬುಜಾಬಾಯಿ ಬಾಗಿಲ ಮೆಟ್ಟಿಲ ಮೇಲೆ ಕೂತು ಅತ್ತಳಂತೆ.

ಹಳೆಯ ಬ್ಯಾಟರಿಯನ್ನು ನೀಲವ್ವ ಬಿಚ್ಚಿ ಹೊರಗಿಟ್ಟಳು. ಹೊಸದರ ಜೋಡಿ ಹಳೆಯದನ್ನು ಕೂಡಿಸಬಾರದು, ಹೊಸವು ದುಡಿದದ್ದನ್ನೆಲ್ಲ ಹಳೆಯದು ಕುಡಿದುಬಿಡುತ್ತದೆ ಅಂತ ಎರಡು ಸಲ ಹೇಳಿದಳು. ಅಂಬುಜಾಬಾಯಿ ತಲೆಯಾಡಿಸಿದಳು. ಆದರೆ ಅದು ಅವಳ ಅಪ್ಪ ಕೊನೆಗೆ ತಂದ ಬ್ಯಾಟರಿ. ಪ್ರತಿ ಆಯುಧಪೂಜೆಗೆ ಅದಕ್ಕೇ ಮೊದಲ ಕುಂಕುಮ, ಮೊದಲ ಕಾಯಿ. ಗುಜರಿಗೆ ಹಾಕಲು ಅವಳ ಮನಸ್ಸು ಒಪ್ಪಲಿಲ್ಲ. ಮುಂದಿನ ಕ್ಯಾಂಪಿಗೆ ಮುಟ್ಟಿದ ಮೇಲೆ ಡ್ರೈವರಿಗೆ ಹೇಳಿ ಅದನ್ನೂ ಸಾಲಿಗೆ ಸೇರಿಸಿದಳು. ಅಪ್ಪನ ಕೈಯೂ ಒಂದಿರಲಿ, ಮಾಸ್ತರಿಗೆ ಬಲ ಹೆಚ್ಚಾಗಲಿ ಅಂದುಕೊಂಡಳು, ಪಾಪ.

ಐದನೆಯ ದಿನ, ಉರಿಬಿಸಿಲಿನಲ್ಲಿ ಎಲ್ಲರೂ ಮಲಗಿದ್ದಾಗ, ಇನ್ವರ್ಟರು ಕಿರುಚಿ ನಿಂತುಹೋಯಿತು. ಅಂಬುಜಾಬಾಯಿ ಎದ್ದು ನೋಡಿದರೆ ಮಾಸ್ತರ ತುಟಿ ನೀಲಿ. ಅವಳು ಡ್ರೈವರನನ್ನು ಒದ್ದೇ ಎಬ್ಬಿಸಿದಳಂತೆ. ಹಳೆಯದರ ವೈರು ಕಿತ್ತು ಇಂಜಿನ್ ಹಚ್ಚಿದ ಮೇಲೆ ಯಂತ್ರ ಮತ್ತೆ ಗಾಳಿ ಕೊಟ್ಟಿತು. ನಿಲ್ಲಿಸಿದರೆ ಎಲ್ಲಿ ಉಸಿರು ನಿಲ್ಲುತ್ತದೋ ಅಂತ ಹೆದರಿ, ಟೆಂಟು, ಪರದೆ ಎಲ್ಲ ಅಲ್ಲೇ ಬಿಟ್ಟು, ಒಂದೇ ಸಮ ಬಸ್ಸು ಓಡಿಸಿಕೊಂಡು ನೀಲವ್ವನ ಹತ್ತಿರ ಬಂದರು.

ನೀಲವ್ವ ಗೂಡು ತೆಗೆದಳು. ನಾಲ್ಕರ ಪಕ್ಕ ಕುಂಕುಮ ಹಚ್ಚಿಕೊಂಡ ಐದನೆಯದು ಕೂತಿತ್ತು. ಬೈಗುಳ ಬೀಳುತ್ತದೆ ಅಂತ ಎಲ್ಲರೂ ಕಾದರು. ಅವಳು ಬೈಯಲಿಲ್ಲವಂತೆ.

"ಯಕ್ಕಾ, ನಮ್ಮಪ್ಪಂದು ಅಂತ..." ಅಂದಳು ಅಂಬುಜಾಬಾಯಿ.

"ತಂಗೀ, ನಿಮ್ಮಪ್ಪ ಇದರಾಗಿಲ್ಲ," ಅಂದಳು ನೀಲವ್ವ. "ಅಂವಾ ಇರೋದು ಆ ಮಾಸ್ತರ ಹಾಡಿನ್ಯಾಗ. ಪೂಜಿ ಮಾಡೂದಿದ್ರ ಆ ಮುದುಕನ ಉಸಿರಿಗೆ ಮಾಡು."

ಆ ಹಳೆಯದನ್ನು ನೀಲವ್ವನ ಅಂಗಡಿಯಲ್ಲೇ ಬಿಟ್ಟು ಹೊರಟರು. ಆ ವರ್ಷ ಆಯುಧಪೂಜೆಯ ದಿನ ಮೊದಲ ಕುಂಕುಮ ಮಾಸ್ತರ ಹಣೆಗೆ ಬಿತ್ತಂತೆ. ಅವರು ನಾಚಿ, ನಾನೇನು ಸ್ಪ್ಯಾನರೋ ಅಂತ ಕೇಳಿದರಂತೆ. ಆಮೇಲೆ ಹನ್ನೊಂದು ವರ್ಷ ಆ ಬಸ್ಸಿನಲ್ಲೇ ತಿರುಗಿದರು. ಕೊನೆಗೆ ಒಂದು ಮಧ್ಯಾಹ್ನ, ಬಸ್ಸು ಓಡುತ್ತಿರುವಾಗ, ನಿದ್ದೆಯಲ್ಲೇ ಹೋದರು.

ನೀಲವ್ವ ಹೋಗಿ ಎಷ್ಟೋ ಕಾಲವಾಯಿತು. ಅಂಗಡಿಯೂ ಇಲ್ಲ. ಆದರೆ ಇವತ್ತಿಗೂ ಆ ಸೀಮೆಯಲ್ಲಿ ಯಾವ ಕಂಪನಿ ಹೊಸ ಬಸ್ಸು ಕಟ್ಟಿಸಿದರೂ, ಒಡೆಯನ ಹಾಸಿಗೆಗಿಂತ ಮೊದಲು ಮುದುಕರಿಗೆ ಅಂತ ಒಂದು ಹಾಸಿಗೆ ಹಾಕಿಸಿ, ಅದರ ತಲೆದೆಸೆಗೆ ಒಂದು ಪ್ಲಗ್ಗು ಇಡಿಸುತ್ತಾರೆ. ಅದಕ್ಕೆ ನೀಲವ್ವನ ಜಾಗ ಅನ್ನುತ್ತಾರೆ. ಖಾಲಿಯಿದ್ದರೂ ಹರೆಯದವರು ಅಲ್ಲಿ ಮಲಗುವುದಿಲ್ಲ. ಅಂಬುಜಾಬಾಯಿಯೂ ತನ್ನ ಕೊನೆಯ ಕ್ಯಾಂಪುಗಳನ್ನೆಲ್ಲ ಅಲ್ಲೇ ಮಲಗಿ ತಿರುಗಿದಳಂತೆ, ಯಾರೂ ಅವಳನ್ನು ಬಿಟ್ಟು ಹೋಗಲಿಲ್ಲವಂತೆ.