ಮಾಣಿಕಬ್ಬೆ ಮುಚ್ಚಿಟ್ಟ ಒಂದು ಒಳಲೆ ಹಾಲು

ದೀಪ ಹಚ್ಚಿ ಆಯಿತು, ಎಲ್ಲರೂ ಕೈಗೆ ಅಕ್ಷತೆ ತೆಗೆದುಕೊಳ್ಳಿ. ಕೂಸು ತಾಯಿಯ ಮಡಿಲಲ್ಲೇ ಇರಲಿ, ಅತ್ತರೆ ಅಳಲಿ. ಈ ವ್ರತಕ್ಕೆ ತಿಥಿಯಿಲ್ಲ, ವಾರವಿಲ್ಲ. ಮನೆಯ ಕೂಸು ಶಸ್ತ್ರಚಿಕಿತ್ಸೆಗೆ ಹೋಗುವ ದಿನ ಬೆಳಿಗ್ಗೆ, ಹೊರಡುವ ಮುಂಚೆ, ಮಕ್ಕಳನ್ನು ಕಾಯುವ ಷಷ್ಠೀದೇವಿಯನ್ನು ನೆನೆದು ಈ ಕಥೆಯನ್ನು ಕೇಳತಕ್ಕದ್ದು. ಅಲ್ಲಿಯವರೆಗೆ ಒಲೆ ಹಚ್ಚಬಾರದು. ಕೂಸು ಹಸಿದು ಮಲಗಿರುವ ಮನೆಯಲ್ಲಿ ಕಾಫಿಯ ಘಮ ಏಳುವುದು ನಾಚಿಕೆಗೇಡು.

ಪೂರ್ವದಲ್ಲಿ ತುಂಬೆಪುರವೆಂಬ ಪಟ್ಟಣದ ಅಕ್ಕಸಾಲಿಗರ ಮನೆಯಲ್ಲಿ ಮಾಣಿಕಬ್ಬೆಯೆಂಬ ಹಿರಿಯಳಿದ್ದಳು. ಸಂಕಷ್ಟಿಗೆ ಚಂದ್ರ ಕಾಣುವವರೆಗೆ ನೀರು ಮುಟ್ಟದೆ, ಏಕಾದಶಿಗೆ ಉಗುಳೂ ನುಂಗದೆ, ಶ್ರಾವಣದ ಒಂದು ಸೋಮವಾರವನ್ನೂ ಬಿಡದೆ ನಡೆಸಿ, ಉಪವಾಸವೆಂದರೆ ಮಾಣಿಕಬ್ಬೆಯದು ಎಂದು ಊರು ಹೇಳುವಂತೆ ಬಾಳಿದಳು. ಹೇಳಲಿ ಎಂಬ ಆಸೆಯೂ ಅವಳಿಗೆ ಇಲ್ಲದಿರಲಿಲ್ಲ.

ಹೀಗಿರಲು ಅವಳ ಸೊಸೆ ಚಂದಲೆ ಬಹುಕಾಲಕ್ಕೆ ಬಸುರಾಗಿ ಗಂಡುಕೂಸನ್ನು ಹೆತ್ತಳು. ಕೂಸಿನ ಮೇಲ್ದುಟಿ ಮೂಗಿನವರೆಗೆ ಸೀಳಿತ್ತು. ಗ್ರಹಣದಲ್ಲಿ ಹೊರಗೆ ಬಂದಿದ್ದಳೆಂದು ನೆರೆಯವರು ಆಡಿಕೊಂಡರು, ಅವಳು ಬಂದಿರಲಿಲ್ಲ. ಆ ಊರಿನ ಶಸ್ತ್ರವೈದ್ಯೆ ವೀರಾಂಬೆ ಕೂಸನ್ನು ನೋಡಿ, ಇದು ಯಾರ ತಪ್ಪೂ ಅಲ್ಲ, ಮೂರು ತಿಂಗಳು ತುಂಬಿ ಮೈ ಹಿಡಿದ ಮೇಲೆ ತುಟಿ ಹೊಲಿಯುತ್ತೇನೆ ಎಂದಳು. ಮೊಲೆ ಚೀಪಲಾರದ ಕೂಸಿಗೆ ಚಂದಲೆ ಹಾಲು ಹಿಂಡಿಕೊಡಲು, ಮಾಣಿಕಬ್ಬೆ ಅದನ್ನು ಬೆಳ್ಳಿಯ ಒಳಲೆಗೆ ಸುರಿದು, ಅದರ ಪುಟ್ಟ ಮೂತಿಯಿಂದ ತೊಟ್ಟು ತೊಟ್ಟಾಗಿ ಕುಡಿಸಿ ಸಾಕಿದಳು. ಅವಳ ಪ್ರೀತಿಯಲ್ಲಿ ಕೊರತೆಯಿರಲಿಲ್ಲ. ಅದನ್ನು ಮರೆತು ಅವಳನ್ನು ಬೈಯಬೇಡಿ.

ದಿನ ಗೊತ್ತಾಯಿತು. ಕೋಳಿ ಕೂಗುವವರೆಗೆ ತಾಯಿಹಾಲು ಕೊಡಿ, ಆಮೇಲೆ ಹನಿ ತೀರ್ಥವೂ ಕೂಡದು, ಮದ್ದಿನ ನಿದ್ರೆಯಲ್ಲಿ ಹೊಟ್ಟೆಯ ಹಾಲು ಮೇಲೆ ಬಂದರೆ ಉಸಿರಿನ ದಾರಿಗೆ ಇಳಿಯುತ್ತದೆ ಎಂದು ವೀರಾಂಬೆ ವಿಧಿ ಹೇಳಿದಳು. ಚಂದಲೆ ಹಾಗೆಯೇ ಕೋಳಿ ಕೂಗುವ ಮುನ್ನ ತನ್ನ ಕೈಯಾರೆ ಕುಡಿಸಿ, ಕೂಸನ್ನು ಅತ್ತೆಯ ಮಡಿಲಿಗಿಟ್ಟು ಸ್ನಾನ ಪೂಜೆಗೆ ಹೋದಳು. ಕೋಳಿ ಕೂಗಿತು. ಬಿಸಿಲು ಬರುವ ಹೊತ್ತಿಗೆ ಕೂಸು ಅತ್ತು ಅತ್ತು ದನಿ ಬಿದ್ದು, ಸೆರಗನ್ನು ಬಾಯಿಗೆ ಎಳೆದುಕೊಳ್ಳತೊಡಗಿತು. ಮೂರು ಹೊತ್ತು ಉಪವಾಸವಿದ್ದು ಅಭ್ಯಾಸವಾದ ಮಾಣಿಕಬ್ಬೆಗೆ ಆ ಒಂದು ಹಸಿವನ್ನು ನೋಡಲಾಗಲಿಲ್ಲ. ಬಟ್ಟಲಲ್ಲಿ ಮಿಕ್ಕಿದ್ದ ಹಾಲನ್ನು ಒಳಲೆಗೆ ಹಾಕಿ ಕುಡಿಸಿ, ಬಾಯೊರೆಸಿದಳು. ಕೂಸು ಮಲಗಿತು.

ವೈದ್ಯಶಾಲೆಯ ಬಾಗಿಲಲ್ಲಿ ವೀರಾಂಬೆ, ಕೋಳಿ ಕೂಗಿದ ಮೇಲೆ ಕೂಸಿನ ಬಾಯಿಗೆ ಏನಾದರೂ ಬಿತ್ತೇ ಎಂದು ಕೇಳಿದಳು. ನೆಂಟರಿಷ್ಟರೆಲ್ಲ ಸುತ್ತ ನಿಂತಿದ್ದರು. ಮಾಣಿಕಬ್ಬೆ, ನಮ್ಮ ಮನೆಯಲ್ಲಿ ವ್ರತ ತಪ್ಪುವುದುಂಟೇ ಎಂದಳು. ಒಳಗೆ ಹೋದ ಕೂಸು ಜೀವಂತವಾಗಿ ಹೊರಗೆ ಬರಲಿಲ್ಲ.

ಉಸಿರಿನ ದಾರಿಯಲ್ಲಿ ಹಾಲಿತ್ತು, ಅದು ಎಲ್ಲಿಂದ ಬಂತು ಎಂದು ವೀರಾಂಬೆ ಕೇಳಿದಾಗ, ಚಂದಲೆ ದಿಕ್ಕುಗೆಟ್ಟು, ನಿದ್ದೆಗಣ್ಣಲ್ಲಿ ಹೊತ್ತು ತಪ್ಪಿ ಕುಡಿಸಿದೆನೋ ಏನೋ ಎಂದು ತನ್ನನ್ನೇ ದೂರಿಕೊಂಡಳು. ಊರೂ ಅವಳನ್ನೇ ದೂರಿತು. ಮಾಣಿಕಬ್ಬೆ ಸುಮ್ಮನಿದ್ದಳು. ಹಾಲು ಕೊಟ್ಟದ್ದಕ್ಕಿಂತ ಈ ಸುಮ್ಮನಿದ್ದದ್ದು ದೊಡ್ಡದು.

ಐದು ವರ್ಷ ಅವಳು ಇದ್ದ ಉಪವಾಸಗಳ ಜೊತೆಗೆ ಇಲ್ಲದ ಉಪವಾಸಗಳನ್ನೂ ಸೇರಿಸಿಕೊಂಡು ಕಡ್ಡಿಯಾದಳು. ಒಂದು ದ್ವಾದಶಿಯಂದು ಷಷ್ಠೀದೇವಿ ಮುದುಕಿ ಸೂಲಗಿತ್ತಿಯ ರೂಪದಲ್ಲಿ ಬಾಗಿಲಿಗೆ ಬರಲು, ಮಾಣಿಕಬ್ಬೆ ಎಲೆ ಹಾಕಿ ಬಡಿಸಿದಳು. ಮುದುಕಿ ಎಲೆಯನ್ನು ಸರಿಸಿ, "ನಿನ್ನ ಉಪವಾಸ ಕಟ್ಟಿಕೊಂಡು ನನಗೇನಾಗಬೇಕು ತಾಯಿ? ಬಾಯಲ್ಲಿ ಒಂದು ಮಾತು ಇಟ್ಟುಕೊಂಡಿದ್ದೀಯಲ್ಲ, ಅದನ್ನು ಹೇಳು" ಎಂದು ಎದ್ದು ಹೋದಳು. ಮಾಣಿಕಬ್ಬೆ ಆಗಲೂ ಹೇಳಲಿಲ್ಲ.

ಆ ವರ್ಷವೇ ಚಂದಲೆ ಹೆಣ್ಣುಕೂಸನ್ನು ಹೆತ್ತಳು. ಅದಕ್ಕೂ ತುಟಿ ಸೀಳಿತ್ತು. ಶಸ್ತ್ರದ ದಿನ ವೀರಾಂಬೆ ಹೊದಿಕೆ ಸರಿಸಿ ನೋಡಿದರೆ ಕೂಸು ಅಳುವ ತ್ರಾಣವೂ ಇಲ್ಲದೆ, ನಾಲಿಗೆ ಒಣಗಿ, ಸೋತು ಬಿದ್ದಿತ್ತು. ಕೇಳಲಾಗಿ ಚಂದಲೆ, ನಿನ್ನೆ ಮಧ್ಯಾಹ್ನದಿಂದ ಏನೂ ಕೊಟ್ಟಿಲ್ಲ, ಒಂದನ್ನು ಈ ಕೈಯಲ್ಲೇ ಕೊಂದವಳು ನಾನು, ನನಗೆ ಕೊಡಲು ಭಯ ಎಂದಳು. ತಾನು ಮುಚ್ಚಿಟ್ಟ ಮಾತು ಎರಡನೆಯ ಕೂಸನ್ನೂ ತಿನ್ನುತ್ತಿದೆಯೆಂದು ಮಾಣಿಕಬ್ಬೆಗೆ ಆಗ ತಿಳಿದು, ನೆಂಟರಿಷ್ಟರೆಲ್ಲ ನೋಡುತ್ತಿರಲು ನೆಲಕ್ಕೆ ಕುಸಿದು, ಅಂದು ಹಾಲು ಕುಡಿಸಿದವಳು ನಾನು ಎಂದಳು.

ಚಂದಲೆ ಕೂಗಾಡಲಿಲ್ಲ. "ಅತ್ತೆ, ಐದು ವರ್ಷ ಈ ಕೈಯಲ್ಲಿ ಅನ್ನ ಕಲಸಿಕೊಳ್ಳೋಕೂ ನನಗೆ ಹೇಸಿಗೆ ಆಗ್ತಿತ್ತು" ಎಂದಷ್ಟೇ ಹೇಳಿ, ಹಾಲು ಹಿಂಡಿ, ತಾನೇ ಕೂಸಿಗೆ ಕುಡಿಸಿದಳು. ವೀರಾಂಬೆ ಶಸ್ತ್ರವನ್ನು ನಾಲ್ಕು ದಿನ ಮುಂದೆ ಹಾಕಿದಳು. ಆ ದಿನ ಹೇಳಿದ ಹೊತ್ತಿಗೆ ಕುಡಿಸಿ, ಹೇಳಿದ ಹೊತ್ತಿಗೆ ನಿಲ್ಲಿಸಿ, ಮನೆಮಂದಿಯೆಲ್ಲ ಕೂಸಿನೊಡನೆ ಹಸಿದು ಕೂತರು. ತುಟಿ ಕೂಡಿತು. ಕೂಸು ಬೆಳೆದು, ಮಾತು ಕಲಿತು, ಗಂಡನ ಮನೆಗೆ ಹೋಗಿ ಸುಖವಾಗಿತ್ತು. ಅತ್ತೆ ಸೊಸೆ ಒಂದೇ ಮನೆಯಲ್ಲಿ ಬಾಳಿದರು. ಮೊದಲಿನಂತೆ ಬಾಳಿದರೆಂದು ನಾನು ಹೇಳಲಾರೆ.

ಎರಡನೆಯ ಕೂಸಿಗೆ ಒದಗಿದ ಫಲ ಈ ಕಥೆಯನ್ನು ಹೇಳಿದವರ, ಕೇಳಿದವರ ಮನೆಯ ಎಲ್ಲ ಕೂಸುಗಳಿಗೂ ಒದಗಲಿ. ಮೊದಲನೆಯದಕ್ಕೆ ಆದದ್ದು ಶತ್ರುವಿಗೂ ಬೇಡ. ಅಕ್ಷತೆಯನ್ನು ಇನ್ನೂ ಹಾಕಬೇಡಿ. ಓದುವವರು ಇಲ್ಲಿ ನಿಲ್ಲಿಸಿ, ಅಜ್ಜಿಯಿಂದ ಹಿಡಿದು ಪಕ್ಕದ ಮನೆಯವರ ತನಕ ಒಬ್ಬೊಬ್ಬರನ್ನೂ ಹೆಸರು ಹಿಡಿದು ಕೇಳಬೇಕು: ಇವತ್ತು ಕೂಸಿಗೆ ಏನಾದರೂ ಕೊಟ್ಟಿರಾ? ಕೊಟ್ಟೆ ಎಂದವರನ್ನು ಯಾರೂ ಬೈಯಬಾರದು. ಡಾಕ್ಟರಿಗೆ ಹೇಳೋಣ. ಆಪರೇಷನ್ ಇನ್ನೊಂದು ದಿನ ಆಗುತ್ತದೆ.