ಇನ್ನೂರು ಮೀಟರಿನ ರೇಸಿಗೆ ದೊಡ್ಡ ಚಕ್ರ

ಹಿಮದ ಮೇಲಿನ ರೇಸಿಗೆಂದು ಸವಾರನೊಬ್ಬ ತನ್ನ ಹಿಮಗಾಡಿಯ ಚಿಕ್ಕ ಗೇರ್ ಚಕ್ರ ಬಿಚ್ಚಿ, ಹಳೆ ಸಾಮಾನಿನ ಡಬ್ಬಕ್ಕೆಸೆದು, ದೊಡ್ಡದನ್ನು ಕೂರಿಸಿದ.

“ಗಂಟೆಗೆ ಇನ್ನೂರು ಕಿಲೋಮೀಟರ್ ಓಡಿಸುವವನು ನಾನು!” ಎಂದು ದೊಡ್ಡ ಚಕ್ರ ಕೊಚ್ಚಿಕೊಂಡಿತು.

“ಓಡಿಸುವಿರಿ ಸ್ವಾಮಿ. ಆದರೆ ಆ ವೇಗ ಮುಟ್ಟಲು ತಮಗೆ ಎರಡು ಕಿಲೋಮೀಟರ್ ಬೇಕು. ಇಲ್ಲಿನ ರೇಸು ಇನ್ನೂರು ಮೀಟರ್,” ಎಂದಿತು ಎಂಜಿನ್ನಿನ ಬಲವನ್ನು ಬೆಲ್ಟಿನ ಮೂಲಕ ಚಕ್ರಕ್ಕೆ ದಾಟಿಸುವ ಕ್ಲಚ್ಚು.

“ಅದು ನಿನ್ನ ಕರ್ಮ. ಸ್ಪ್ರಿಂಗು ಬಿಗಿ ಮಾಡಿಕೊಂಡು ಎಳಿ.”

ಬಾವುಟ ಬೀಸಿದರು. ಕ್ಲಚ್ಚು ಉಸಿರು ಕಟ್ಟಿ ಎಳೆಯಿತು. ಗಾಡಿ ತೆವಳಿತು, ಬೆಲ್ಟು ಹೊಗೆಯಾಡಿತು. ಉಳಿದವರು ರೇಸು ಮುಗಿಸಿ ಟೀ ಕುಡಿಯುವ ಹೊತ್ತಿಗೆ ಇದು ಗೆರೆ ಮುಟ್ಟಿತು.

“ಈ ಕ್ಲಚ್ಚಿಗೆ ದಮ್ಮೇ ಇಲ್ಲ,” ಎಂದಿತು ದೊಡ್ಡ ಚಕ್ರ.

ಸವಾರನೂ ಅದನ್ನೇ ಹೇಳಿ, ಕ್ಲಚ್ಚನ್ನು ಕಿತ್ತು ಅದೇ ಡಬ್ಬಕ್ಕೆಸೆದ.

“ಬಾರಯ್ಯ,” ಎಂದು ಒಳಗಿದ್ದ ಚಿಕ್ಕ ಚಕ್ರ ಸರಿದು ಜಾಗ ಕೊಟ್ಟಿತು. “ಈ ಡಬ್ಬದಲ್ಲಿ ಇರೋರೆಲ್ಲ ಕೆಲಸ ಗೊತ್ತಿದ್ದೋರೇ.”